ಮೋಡ ಕಟ್ಟಿದ ಮೇಲೆ ಹಿಟ್ಟು

ಅಕ್ಕನ ಕಣ್ಣೆವೆಗಳ ಮೇಲೆ ಸದಾ ಹಿಟ್ಟು ಕೂತಿರುತ್ತಿತ್ತು. ಬೆಳಿಗ್ಗೆ ಅಕ್ಕಿಯ ಬಿಳಿ, ಮಧ್ಯಾಹ್ನದ ಮೇಲೆ ರಾಗಿಯ ಬೂದು. ದೊಡ್ಡನೆಕ್ಕುಂದಿಯಲ್ಲಿ ಅವರ ಹಿಟ್ಟಿನ ಮಿಲ್ಲಿನ ಮೇಲಿನ ಕೋಣೆಯಲ್ಲಿ ನಾನು ಬಾಡಿಗೆಗಿದ್ದೆ. ಹತ್ತಿರದ ಕಾರ್ಖಾನೆಯಲ್ಲಿ ಪ್ಯಾಕಿಂಗ್ ಕೆಲಸ. ಏರಿಯಾದವರೆಲ್ಲ ಅವರನ್ನು ಮಿಲ್ ಅಕ್ಕ ಎಂದೇ ಕರೆಯುತ್ತಿದ್ದರು.

ಮಿಲ್ಲಿನಲ್ಲೊಂದು ಕೆಂಚು ನಾಯಿ ಇತ್ತು. ಮಿಷನ್ನು ಕಿವಿ ಗಡಚಿಕ್ಕುವಂತೆ ಕಿರುಚುತ್ತಿದ್ದರೂ ಅದರ ಬುಡದಲ್ಲೇ ನಿದ್ದೆ ಹೊಡೆಯುತ್ತಿತ್ತು. ಆದರೆ ಗುಡುಗಿದರೆ ಮುಗಿಯಿತು, ಬಾಲ ಮುದುರಿಕೊಂಡು ರಿಂಗ್ ರೋಡಿನ ಲಾರಿಗಳ ನಡುವೆ ಓಟ. ಅದರ ಜೊತೆ ಹುಟ್ಟಿದ ನಾಯಿ ಹಾಗೇ ಓಡಿ ಚಕ್ರಕ್ಕೆ ಸಿಕ್ಕಿ ಸತ್ತಿತ್ತು. ಇದೂ ಒಂದು ದಿನ ಹಾಗೇ ಹೋಗುತ್ತದೆಂದು ಅಕ್ಕನಿಗೆ ದಿಗಿಲು. ದಿಗಿಲಿನಷ್ಟೇ ಕುತೂಹಲ.

“ಇಷ್ಟ್ ಸದ್ದಲ್ಲಿ ಗೊರಕೆ ಒಡೀತದೆ. ಆ ಗುಡುಗಲ್ಲಿ ಅಂಥಾದ್ದೇನೈತೆ?” ಎಂದು ರಾಗಿ ತಂದವರನ್ನೆಲ್ಲ ಕೇಳುವರು.

ಉತ್ತರ ಸಿಗದೆ ತಾವೇ ಪರೀಕ್ಷೆಗಿಳಿದರು. ಹೆದರಿಕೆ ಮಿಂಚಿಗೋ ಎಂದು ಟಾರ್ಚ್ ಬಿಟ್ಟು ನೋಡಿದರು. ನಾಯಿ ಬಾಲ ಅಲ್ಲಾಡಿಸಿತು. ಖಾಲಿ ಡಬ್ಬ ಬಡಿದರು. ತಿನ್ನಲು ಏನೋ ಬಂತೆಂದು ಎದ್ದು ಕೂತಿತು. ಗುಡುಗುವುದಕ್ಕೂ ಮೊದಲೇ, ಗಾಳಿ ತಣ್ಣಗಾದೊಡನೆ ಅದು ನಡುಗತೊಡಗುತ್ತದೆ ಎಂದು ಕಂಡುಕೊಂಡ ದಿನ ಅಕ್ಕ ಮೆಟ್ಟಿಲು ಹತ್ತಿ ಬಂದು, ಬಹುಮಾನ ಬಂದವರ ಹಾಗೆ ನನಗೆ ಹೇಳಿದ್ದರು.

ಒಮ್ಮೆ ಸರಪಳಿ ಹಾಕಿ ಮಿಷನ್ನಿನ ಕಾಲಿಗೆ ಕಟ್ಟಿದರು. ಮಳೆ ನಿಂತಾಗ ನಾಯಿಯ ಬಾಯೆಲ್ಲ ರಕ್ತ. ಕಬ್ಬಿಣ ಕಚ್ಚಿ ಹಲ್ಲು ಮುರಿದುಕೊಂಡಿತ್ತು. ಅಕ್ಕ ಅವತ್ತೇ ಸರಪಳಿಯನ್ನು ಗುಜರಿಗೆ ಹಾಕಿದರು. ಶಟರ್ ಎಳೆಯುವಂತೆಯೂ ಇರಲಿಲ್ಲ, ಆ ದಡದಡ ಸದ್ದಿಗೇ ಸಂದಿಯಲ್ಲಿ ನುಸುಳಿ ಓಡುತ್ತಿತ್ತು.

ಮಿಲ್ ಓಡುತ್ತಿರುವಾಗ ಗುಡುಗಿದರೆ ಮಾತ್ರ ನಾಯಿ ನಡುಗಿದರೂ ಎದ್ದು ಹೋಗುವುದಿಲ್ಲ ಎಂಬುದು ಆಮೇಲೆ ಅವರ ಕಣ್ಣಿಗೆ ಬಿತ್ತು. ಆದರೆ ಕಾಳಿಲ್ಲದೆ ಓಡಿಸಿದರೆ ಬೀಸುವ ಕಲ್ಲು ಸವೆಯುತ್ತದೆ. ಹಾಗಾಗಿ ಏಪ್ರಿಲ್ ಬಂತೆಂದರೆ ಅಕ್ಕ ಬೆಳಿಗ್ಗೆ ಬಂದ ರಾಗಿಯನ್ನು ಬೀಸದೆ ಸಾಲಾಗಿ ಇಟ್ಟುಬಿಡುತ್ತಿದ್ದರು. “ಮೋಡ ಆಗ್ಲಿ, ಆಮೇಲ್ ಬೀಸ್ಕೊಡ್ತೀನಿ.”

“ನಿನ್ ನಾಯಿಗೋಸ್ಕರ ನಮ್ಗೆ ಮುದ್ದೆ ಇಲ್ವಾ ಅಕ್ಕ?” ಎಂದು ಹೆಂಗಸರು ರೇಗಿಸುವರು. ಗೊಣಗಿಕೊಂಡೇ ಸಂಜೆ ಮತ್ತೆ ಬರುವರು.

ಅಂಥದೊಂದು ಸಂಜೆ ಸಿಡಿಲು ಬಡಿದು ಕರೆಂಟ್ ಹೋಯಿತು. ಮಿಷನ್ನು ನಿಂತಿತು. ನಾಯಿ ಎದ್ದು ಬಾಗಿಲಿನ ಕಡೆ ನೋಡಿತು. ಹಿಡಿಯಲು ಹೋದ ನನ್ನನ್ನು ಅಕ್ಕ ತಡೆದರು.

“ಇಡೀಬ್ಯಾಡ. ಜರಡಿ ತಗೋ.”

ಕಾದು ಕೂತಿದ್ದವರ ಮುಂದೆಲ್ಲ ಬೀಸದೆ ಉಳಿದ ರಾಗಿ ಸುರಿದು, ಕೈಗೆ ಸಿಕ್ಕ ಜರಡಿ ಮೊರ ಕೊಟ್ಟರು. “ಒಂದೇ ಸಮ ಆಡಿಸ್ರಿ, ಸದ್ದು ನಿಲ್ಲಿಸ್ಬ್ಯಾಡಿ.” ತಾವು ನಾಯಿಯ ಕಡೆ ನೋಡದೆ, ಮೂಟೆಗಳ ಮುಂದೆ, ಬೆನ್ನ ಹಿಂದೆ ಅದು ನುಗ್ಗಲು ಜಾಗ ಬಿಟ್ಟು ನೆಲದ ಮೇಲೆ ಕೂತರು. ಮತ್ತೆ ಗುಡುಗಿತು. ನಾಯಿ ಬಾಗಿಲವರೆಗೆ ಹೋಯಿತು. ನಮ್ಮ ಜರಡಿಗಳು ಜರ್‍ರೋ ಎನ್ನುತ್ತಲೇ ಇದ್ದವು. ಅದು ಅಲ್ಲೇ ನಿಂತಿತು, ತಿರುಗಿತು, ಬಂದು ಅಕ್ಕನ ಬೆನ್ನಿಗೂ ಮೂಟೆಗಳಿಗೂ ನಡುವೆ ತೂರಿಕೊಂಡಿತು. ನನಗೆ ಅಳು ಬಂದುಬಿಟ್ಟಿತು.

ಮಳೆ ನಿಂತ ಮೇಲೆ, “ಭಯ ಹೋಯ್ತಲ್ಲ ಅಕ್ಕ” ಎಂದೆ.

“ಎಲ್ಲೋಯ್ತು? ಮುಟ್ಟಿ ನೋಡು, ಇನ್ನೂ ನಡುಗ್ತೈತೆ. ಭಯ ಬಿಡು ಅಂತ ನಾನೇನ್ ಕೇಳ್ಲಿಲ್ಲ. ಓಡ್ದೆ ಇದ್ರೆ ಸಾಕು.”

ಮದುವೆಯಾಗಿ ನಾನು ಸರ್ಜಾಪುರಕ್ಕೆ ಬಂದೆ. ಮಗಳು ಯಾವುದಕ್ಕಾದರೂ ಹೆದರಿದಾಗ, ಅದರಲ್ಲಿ ಹೆದರುವಂಥದ್ದೇನಿದೆ ಎಂದು ಗದರದೆ, ಏನಿದೆ ಎಂದು ನಿಜವಾಗಿಯೂ ಕೇಳುವುದನ್ನು ನಾನು ಕಲಿತದ್ದು ಅಕ್ಕನಿಂದ. ಈ ಮಾತನ್ನು ಅವರಿಗೆ ಹೇಳಬೇಕಿತ್ತು. ಅಷ್ಟರಲ್ಲಿ ಹೃದಯದ ಕಾಯಿಲೆಯಿಂದ ತೀರಿಕೊಂಡರು.

ಅವರು ನನಗೆ ಕೊನೆಯ ಸಲ ಫೋನ್ ಮಾಡಿದ್ದು ನಾಯಿ ಸತ್ತ ದಿನ. ಅಳುತ್ತಿದ್ದರು, ಆದರೂ ದನಿಯಲ್ಲಿ ಏನೋ ಗೆದ್ದ ಸಮಾಧಾನವಿತ್ತು.

“ವಯಸ್ಸಾಗಿತ್ತು ಕಣಮ್ಮ. ಮಲಗಿದ್ದಂಗೇ ಓಯ್ತು. ರೋಡಿಗೋಗ್ಲಿಲ್ಲ.”