ಇಳಿಸು ಅಂದವರು ಯಾರು?

ದೆವ್ವ, ಗಾಳಿ ಎಂದರೆ ನಾನು ನಕ್ಕುಬಿಡುತ್ತಿದ್ದವಳು. ಯಾರಾದರೂ ಇಂಥ ಕಥೆ ಶುರು ಮಾಡಿದರೆ ಚಹಾ ಮಾಡುವ ನೆಪ ಹೇಳಿ ಎದ್ದು ಹೋಗುತ್ತಿದ್ದೆ. ನೀವೂ ಹಾಗೆ ಎದ್ದು ಹೋದರೆ ನನಗೆ ಬೇಸರವಿಲ್ಲ.

ತೊಂಬತ್ತರ ದಶಕದ ಕೊನೆಯ ಮಾತು. ಸಪ್ತಾಪುರದಲ್ಲಿ ಬಾಡಿಗೆ ಖೋಲಿ ಹಿಡಿದು ಓದುತ್ತಿದ್ದಾಗ ನನಗೆ ಸುನಂದಾ ಅಕ್ಕೋರ ಪರಿಚಯವಾಯಿತು. ನಮ್ಮ ಕಡೆ ಬಂಡೆ ಹತ್ತುವುದನ್ನು ಕಲಿಸುವ ಹೆಂಗಸೆಂದರೆ ಅವರೊಬ್ಬರೇ. ಚೂಡಿದಾರದ ಮೇಲೆ ಸೊಂಟಪಟ್ಟಿ ಬಿಗಿದು, ಹಗ್ಗ ಕಟ್ಟಿಕೊಂಡು ಹತ್ತುತ್ತಿದ್ದರು. ಗಂಡಸರು ಮೊದಲು ನಗುತ್ತಿದ್ದರು, ಆಮೇಲೆ ಕತ್ತೆತ್ತಿ ನೋಡುತ್ತಿದ್ದರು. ಅವರ ಹತ್ತಿರ ಅರ್ಧಕ್ಕೆ ಇಳಿಯುವ ಮಾತೇ ಇರಲಿಲ್ಲ. ಇಳಿಸಿರೆಂದು ನಾನು ಗೋಗರೆದರೂ ಕೆಳಗೆ ಹಗ್ಗ ಹಿಡಿದು ನಿಂತವರು, “ಅಳವ್ವಾ, ಆದ್ರ ಹತ್ತಕೋತ ಅಳು” ಅನ್ನುತ್ತಿದ್ದರು.

ಲಕಮನಹಳ್ಳಿಯ ನಮ್ಮ ಮನೆಯಲ್ಲಿ ಅವ್ವ, “ಎಂಥಾ ಮಂಗ್ಯಾನ ನೌಕರಿ ಹುಡುಕ್ಯಾಳ ಈಕಿ” ಎಂದು ಹಣೆ ಚಚ್ಚಿಕೊಳ್ಳುತ್ತಿದ್ದಳು. ನನಗೆ ಅಕ್ಕೋರ ಹಾಗೆ ಬಂಡೆ ಹತ್ತಲು ಕಲಿಸುವ ಆ ನೌಕರಿಯೇ ಬೇಕಾಗಿತ್ತು. ಅಷ್ಟರಲ್ಲಿ ಅಕ್ಕೋರು ಕಾಮಾಲೆಯಾಗಿ ತೀರಿಕೊಂಡರು. ಅವರು ಕಲಿಸುತ್ತಿದ್ದ ಹುಡುಗಿಯರ ತಂಡ ನಿಂತುಹೋಯಿತು. ಹೆಣ್ಣು ತರಬೇತುದಾರಳು ಸಿಕ್ಕರೆ ಮತ್ತೆ ಶುರು, ಇಲ್ಲದಿದ್ದರೆ ಬಂದ್ ಎಂದರು ಬಂಡೆ ಹತ್ತುವ ಶಿಬಿರ ನಡೆಸುವವರು. ಆ ಜಾಗಕ್ಕೆ ಅವರು ಇಟ್ಟ ಪರೀಕ್ಷೆಗೆ ಹೆಸರು ಕೊಟ್ಟ ಹೆಣ್ಣು ನಾನೊಬ್ಬಳೇ.

ಪರೀಕ್ಷೆ ಊರಾಚೆಯ ಗುಡ್ಡದಲ್ಲಿ, ಒಳ್ಳೇ ಬಿಸಿಲಿನ ಬೆಳಗಿನಲ್ಲಿ ನಡೆಯಿತು. ತುದಿ ಮುಟ್ಟಿದರೆ ಪಾಸು, ನಡುವೆ ಇಳಿದರೆ ಮತ್ತೊಂದು ಅವಕಾಶವಿಲ್ಲ. ನನಗದು ಹತ್ತಿ ಹತ್ತಿ ರೂಢಿಯಾದ ಬಂಡೆ. ತುದಿ ಇನ್ನೇನು ಕೈಗೆ ಸಿಗಬೇಕು, ದಣಿದಿರಲಿಲ್ಲ, ಹೆದರಿರಲಿಲ್ಲ. ಆಗ ಕಿವಿಯ ಹತ್ತಿರವೇ ಅಕ್ಕೋರ ದನಿ ಕೇಳಿತು. “ಸಾಕ್ ತಂಗಿ, ಇಳಿ.” ಬೆಚ್ಚಿ ಬಂಡೆಯಿಂದ ಕೈ ಬಿಟ್ಟೆ. ಹಗ್ಗ ನನ್ನನ್ನು ಹಿಡಿದುಕೊಂಡಿತು. ಮರುಗಳಿಗೆಗೆ ಮೆಲ್ಲಗೆ ಕೆಳಗಿಳಿಸತೊಡಗಿತು. ಬೇಡ ಎಂದು ಕೂಗುವುದೂ ಹೊಳೆಯದೆ ಬಂಡೆಗೆ ಕೈ ಚಾಚಿದೆ, ಎಟುಕಲಿಲ್ಲ.

ಕಾಲು ನೆಲಕ್ಕೆ ತಾಗಿದ್ದೇ ಹಗ್ಗ ಹಿಡಿದಿದ್ದ ಹುಬ್ಬಳ್ಳಿಯ ತರುಣನ ಮೇಲೆ ಹರಿಹಾಯ್ದೆ. “ಯಾಕ ಇಳಸಿದ್ಯೋ?”

ಅವನು ಕಕ್ಕಾಬಿಕ್ಕಿಯಾದ. “ನೀವ ‘ಇಳಸು’ ಅಂದ್ರಲ್ರಿ ಅಕ್ಕಾ! ಹೆಣ್ಣದನಿ ಕೇಳೇ ಇಳಸೇನ್ರಿ.”

ಅವನು ಅಕ್ಕೋರನ್ನು ಕಂಡವನೇ ಅಲ್ಲ. ಅಂದು ಆ ಗುಡ್ಡದಲ್ಲಿ ನನ್ನನ್ನು ಬಿಟ್ಟರೆ ಬೇರೆ ಹೆಣ್ಣುಜೀವ ಇರಲಿಲ್ಲ. ನಾನಂತೂ ತುಟಿ ಬಿಚ್ಚಿರಲಿಲ್ಲ.

ಏನೋ ಅಪಾಯದಿಂದ ಉಳಿಸಿದರೇನೋ ಎಂದು ಸಮಾಧಾನ ಮಾಡಿಕೊಳ್ಳಲು ನೋಡಿದೆ. ಜೇನು ಏಳಲಿಲ್ಲ, ಕಲ್ಲು ಉರುಳಲಿಲ್ಲ. ನನ್ನ ನಂತರ ಹತ್ತಿದ ಹುಡುಗರು ಅದೇ ಬಂಡೆಯ ತುದಿ ಮುಟ್ಟಿ ಆರಾಮಾಗಿ ಬಂದರು. ನೌಕರಿ ಅವರಲ್ಲೊಬ್ಬನಿಗೆ ಹೋಯಿತು. ಹುಡುಗಿಯರ ತಂಡ ಮತ್ತೆ ಶುರುವಾಗಲೇ ಇಲ್ಲ. ನಾನು ನಮ್ಮೂರ ಹತ್ತಿರದ ಬೇಲೂರು ಕೈಗಾರಿಕಾ ಪ್ರದೇಶದ ಒಂದು ಕಾರ್ಖಾನೆಯ ಆಫೀಸು ಸೇರಿದೆ. ಅವ್ವನಿಗೆ ಖುಷಿಯಾಯಿತು. ನನಗೆ ಅಂದಿನಿಂದ ಯಾವುದರಲ್ಲೂ ಮನಸ್ಸು ನಿಂತಿಲ್ಲ.

ಅಕ್ಕೋರು ಸತ್ತ ಮೇಲೂ ಬಂದಿದ್ದರು ಎಂಬುದನ್ನು ಈಗ ಹೇಗೋ ನಂಬಬಲ್ಲೆ. ಬಂದು ಆ ಮಾತು ಆಡಿದರು ಎಂಬುದನ್ನು ನಂಬಲು ಇವತ್ತಿಗೂ ಆಗುತ್ತಿಲ್ಲ.