ಜ್ವರ ಬಿಡೂತನಕ

ಇಳಕಲ್ಲಿನ ನೇಕಾರ ಓಣಿಗಳಲ್ಲಿ ಆರೋಗ್ಯ ಕಾರ್ಯಕರ್ತೆ ಮಹೇಶ್ವರಿಯ ಚಪ್ಪಲಿ ಸವೆದಷ್ಟು ಇನ್ಯಾರದೂ ಸವೆದಿಲ್ಲ. ಹನ್ನೊಂದು ವರ್ಷದಿಂದ ಮನೆಮನೆಗೆ ಹೋಗಿ ಬೆರಳು ಚುಚ್ಚಿ ರಕ್ತ ತೆಗೆಯುವ ಈಕೆ ಕೂತಲ್ಲಿ ಕೂರುವವಳಲ್ಲ, ಕೊಟ್ಟ ಚಹಾ ಮುಗಿಸುವವಳಲ್ಲ. ಆ ದಿನವಂತೂ ಕಾಲು ಒಂದು ಕಡೆ ನಿಲ್ಲಲೊಲ್ಲದು. ಮಲೇರಿಯಾದಿಂದ ಎದ್ದಿದ್ದ ಮುದುಕ ನೇಕಾರ ಶಿವಸಂಗಪ್ಪನಿಗೆ ಇಪ್ಪತ್ತೈದನೆಯ ದಿನಕ್ಕೆ ಜ್ವರ ಮರುಕಳಿಸಿತ್ತು.

"ಮೂರು ದಿನದ ಗುಳಿಗಿ ಪೂರಾ ತಗೊಂಡಾನಂತ ನೀವ ಬರದೀರಿ," ಎಂದರು ದವಾಖಾನೆಯ ಡಾಕ್ಟರು. "ಹಂಗಾದ್ರ ಇದು ಗುಳಿಗಿಗೆ ಬಗ್ಗದ ರೋಗಾಣು. ಇವತ್ತ ಮ್ಯಾಲಿನವರಿಗೆ ವರದಿ ಕಳಸ್ತೇನಿ."

ಪೂರಾ ತಗೊಂಡನೇ? ಮೊದಲ ದಿನದ್ದನ್ನು ಎದುರಿಗೇ ನುಂಗಿಸಿದ್ದಳು. ಉಳಿದೆರಡು ದಿನ ಹೋಗಲಾಗಿರಲಿಲ್ಲ. ಫೋನಿನಲ್ಲಿ ಅವನು "ನೀವು ಹೇಳಿದಂಗ ತಗೊಂಡೇನ್ರಿ" ಅಂದದ್ದನ್ನೇ ನಂಬಿ ಬರೆದಿದ್ದಳು. ನೆಟ್ಟಗೆ ಅವನ ಮನೆಗೆ ನಡೆದಳು.

"ಕಾಕಾ, ಖರೆ ಹೇಳ್ರಿ. ಎಲ್ಲಾ ಗುಳಿಗಿ ತಗೊಂಡಿದ್ರಿ?"

"ಜ್ವರ ಬಿಡೂತನಕ ಗುಳಿಗಿ ಬಿಡಬ್ಯಾಡ್ರಿ ಅಂದಿದ್ರಿ ಅಕ್ಕಾರ. ಮರುದಿನನ ಜ್ವರ ಬಿಡ್ತು. ನಾನೂ ಗುಳಿಗಿ ಬಿಟ್ಟೆ." ಕಂಬಳಿಯೊಳಗೆ ನಡುಗುತ್ತಲೇ ಅವನು ಗೂಡಿನಿಂದ ಗುಳಿಗೆಯ ಹಾಳೆ ತೆಗೆದುಕೊಟ್ಟ. ಎರಡು ದಿನದ್ದು ಹಾಗೇ ಇತ್ತು. "ಮನ್ಯಾಗ ಯಾರಿಗರೆ ಬೇಕಾದೀತಂತ ಜ್ವಾಕಿ ಇಟ್ಟೇನಿ."

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. 'ಮೂರು ದಿನ' ಎನ್ನಬೇಕಾದವಳು ಅವಸರದಲ್ಲಿ 'ಜ್ವರ ಬಿಡೂತನಕ' ಎಂದುಬಿಟ್ಟಿದ್ದಳು. ಅರ್ಧ ಮದ್ದಿಗೆ ಸಾಯುವವು ಬಡಪಾಯಿ ರೋಗಾಣುಗಳು. ಗಟ್ಟಿ ಪಿಂಡಗಳು ಉಳಿಯುತ್ತವೆ. ಸೊಳ್ಳೆ ಹೀರಿ ಮಗ್ಗುಲಿನವರಿಗೆ ದಾಟಿಸುವುದು ಆ ಉಳಿದವನ್ನೇ. ಮಹೇಶ್ವರಿಗೆ ತನ್ನ ಮೇಲೆ ತನಗೇ ಸಿಟ್ಟು ಬಂತು.

ಮಗ್ಗದ ಕುಣಿಯಲ್ಲಿ ಕಾಲು ಇಳಿಬಿಟ್ಟು ನೇಯುತ್ತಿದ್ದ ಬಸುರಿ ಸೊಸೆ ಪ್ರಿಯದರ್ಶಿನಿ ಲಾಳಿ ನಿಲ್ಲಿಸಿ ಸೆರಗು ಬಿಗಿಯಾಗಿ ಹೊದ್ದುಕೊಂಡಳು. "ನನಗೂ ನಿನ್ನಿಯಿಂದ ಚಳಿ ಬರಾಕತ್ತೇತ್ರಿ ಅಕ್ಕಾರ."

ಬೆರಳು ಚುಚ್ಚಿ ಪರೀಕ್ಷೆಯ ಪಟ್ಟಿಗೆ ಹನಿ ಬಿಟ್ಟ ಮಹೇಶ್ವರಿ, ಗೆರೆ ಮೂಡುವವರೆಗೆ ಒಳಗೂ ಹೊರಗೂ ಸುತ್ತಿದಳು. ಎರಡನೆಯ ಗೆರೆಯೂ ಮೂಡಿತು. ಮಲೇರಿಯಾವೇ.

ಡಾಕ್ಟರಿಗೆ ಫೋನು ಹಚ್ಚಿದಳು. "ಸಾಹೇಬ್ರ, ವರದಿ ತಡೀರಿ. ಗುಳಿಗಿ ಸೋತಿಲ್ಲ. ನಾ ತಪ್ಪು ಹೇಳೇನಿ, ನೋಡದ ಬರದೇನಿ. ಈಗ ಸೊಸಿಗೂ ಬಂದೈತಿ, ಐದು ತಿಂಗಳ ಬಸುರಿ. ಕರಕೊಂಡ ಬರ್ತೇನಿ."

ಫೋನು ಇಟ್ಟು ತಿರುಗಿದರೆ, ಪ್ರಿಯದರ್ಶಿನಿ ಮಾವ ಉಳಿಸಿದ ಹಾಳೆ ಹಿಡಿದು ನಿಂತಿದ್ದಳು.

"ಇವನ್ನ ನುಂಗಲೇನ್ರಿ ಅಕ್ಕಾರ? ನೀವು ಹ್ಯಾಂಗ ಹೇಳ್ತೀರಿ ಹಂಗ."