‘ನಾಚಿಕೆ’ ಎಂದು ಗುರುತು ಹಾಕಿದವಳು

ಗಿರಿಜಾ, ಆ ವಿಡಿಯೋ ಅಳಿಸಿರಲಿಲ್ಲ. ನಿಮ್ಮ ಅಣ್ಣನ ಎದುರು ನಾನು ಸುಳ್ಳು ಹೇಳಿದೆ.

ಮಾತಿಲ್ಲದೆ ಮನುಷ್ಯರು ಏನು ಹೇಳುತ್ತಾರೆ ಎಂಬುದು ನನ್ನ ಪಿಎಚ್‌ಡಿ ವಿಷಯ — ಎಂಥ ದೊಡ್ಡಸ್ತಿಕೆ! ಭದ್ರಾವತಿಯ ನ್ಯೂ ಟೌನ್‌ನಲ್ಲಿ ಗಂಡ ಹೆಂಡತಿಯರನ್ನು ಎದುರುಬದುರು ಕೂರಿಸಿ, ಮಾತಾಡಿಸಿ, ಕ್ಯಾಮೆರಾದಲ್ಲಿ ಹಿಡಿದು ತರುತ್ತಿದ್ದೆ. ಆಮೇಲೆ ಧ್ವನಿ ತೆಗೆದುಹಾಕಿ, ಕಣ್ಣು, ಕೈ, ಭುಜಗಳ ಒಂದೊಂದು ಅಲುಗಾಟಕ್ಕೂ ಹೆಸರಿಡುವುದು. ನಿಮ್ಮಿಬ್ಬರ ವಿಡಿಯೋದಲ್ಲಿ ನಿಮ್ಮ ಯಜಮಾನರು ನೀರಿನ ಲೋಟಕ್ಕೆ ಕೈ ಚಾಚಿದರು, ಅಷ್ಟೇ. ನೀವು ಕುತ್ತಿಗೆ ಒಳಗೆಳೆದುಕೊಂಡು ಕಣ್ಣು ಮುಚ್ಚಿದಿರಿ. ನಾನು ‘ನಾಚಿಕೆ’ ಎಂದು ಗುರುತು ಹಾಕಿದೆ.

ಒಬ್ಬರ ಕಣ್ಣನ್ನೇ ನಂಬಬಾರದೆಂದು ಇನ್ನೊಬ್ಬರೂ ಅದೇ ದೃಶ್ಯ ನೋಡಿ ತಮ್ಮಷ್ಟಕ್ಕೆ ಗುರುತು ಹಾಕಬೇಕು — ನಿಯಮ. ನನ್ನ ಗೆಳತಿ ಲತಾ ನೋಡಿದಳು. “ನಾಚಿಕೆ ಎಲ್ಲಿಂದ ಬಂತು ಮಾರಾಯ್ತಿ? ಏಟು ಬೀಳುತ್ತೆ ಅಂತ ಹೆದ್ರಿಕೊಂಡಿದಾಳೆ, ಕಾಣಲ್ವಾ?”

ಕಂಡಿತ್ತು. ಮೊದಲ ಸಲವೇ ಕಂಡಿತ್ತು. ಆದರೆ ನಮ್ಮ ಕಡೆ ಹೆಂಗಸರ ನಾಚಿಕೆಯ ಮೇಲೆ ಇಡೀ ಅಧ್ಯಾಯ ಬರೆದು, ಗೈಡ್‌ರಿಂದ ಶಹಬ್ಬಾಸ್ ಗಿಟ್ಟಿಸಿಕೊಂಡಿದ್ದೆನಲ್ಲ... ಲತಾಳ ಬೆನ್ನು ಹತ್ತಿ ಅವಳ ಗುರುತನ್ನೂ ತಿದ್ದಿಸಿದೆ. ‘ಚರ್ಚಿಸಿ ಒಮ್ಮತಕ್ಕೆ ಬರಲಾಯಿತು’ ಎಂದು ಪ್ರಬಂಧದಲ್ಲಿ ಬರೆದೆ. ಥೂ.

ಕೆಲವು ತಿಂಗಳ ಮೇಲೆ ನೀವು ಅಣ್ಣನ ಜೊತೆ ಆಲ್ಕೊಳದ ನಮ್ಮ ಮನೆಗೇ ಬಂದಿರಿ. “ಮೇಡಂ, ಆ ವಿಡಿಯೋ ಒಂದ್ಸಲ ಅಣ್ಣಂಗೆ ತೋರಿಸಿ. ನಮ್ಮನೆಯವ್ರು ಹೊಡೀತಾರೆ ಅಂದ್ರೆ ನಂಬ್ತಿಲ್ಲ.”

ಪಿಎಚ್‌ಡಿ ವೈವಾ ಹತ್ತಿರವಿತ್ತು; ವಿಡಿಯೋ ಹೊರಬಂದರೆ ನನ್ನ ನಾಚಿಕೆಯ ಅಧ್ಯಾಯ ಬಿದ್ದುಹೋಗುತ್ತಿತ್ತು. “ಅಳಿಸ್ಬಿಟ್ಟಿದೀನಿ,” ಎಂದೆ. “ಅದ್ರಲ್ಲಿ ಅಂಥದ್ದೇನೂ ಇರ್ಲಿಲ್ಲ.” ಎರಡನೆಯ ಮಾತು ಹೇಳೆಂದು ಯಾರೂ ಕೇಳಿರಲಿಲ್ಲ — ನಾನಾಗಿಯೇ ಸೇರಿಸಿದೆ.

“ಕೇಳಿಸ್ಕೊಂಡ್ಯಾ?” ಎಂದರು ನಿಮ್ಮ ಅಣ್ಣ. ಕುಂಸಿಯ ತಮ್ಮ ಮನೆಗೆ ಕರೆದೊಯ್ಯದೆ ನಿಮ್ಮನ್ನು ಮತ್ತೆ ಗಂಡನ ಮನೆಗೇ ಬಿಟ್ಟು ಬಂದರು.

ನಾನು ಡಾಕ್ಟರೇಟ್ ಪಡೆದೆ. ಮುಖ ನೋಡಿ ಮನಸ್ಸು ತಿಳಿಯುವುದು ಹೇಗೆಂದು ಈಗ ಅಧಿಕಾರಿಗಳಿಗೆ ತರಬೇತಿ ಕೊಡುತ್ತೇನೆ. ಬೀದಿನಾಯಿಗೂ ಅರ್ಥವಾಗುವುದನ್ನು ಸ್ಲೈಡ್ ಹಾಕಿ ವಿವರಿಸುತ್ತೇನೆ. ಅವರು ತಲೆದೂಗುತ್ತಾರೆ, ಶಾಲು ಹೊದಿಸುತ್ತಾರೆ — ನಾನು ಹೊದಿಸಿಕೊಳ್ಳುತ್ತೇನೆ.

ಕಳೆದ ಭಾನುವಾರ ಕುಂಸಿಗೆ ಹೋದೆ. ವಿಡಿಯೋ ತೋರಿಸಿ ನಿಮ್ಮ ಅಣ್ಣನಿಗೆ ಎಲ್ಲ ಹೇಳಿದೆ. ಅವರು ಅದನ್ನು ಇನ್ನೊಮ್ಮೆ ಹಾಕಿಸಿ ನೋಡಿದರು.

“ಅವತ್ತೇ ತೋರಿಸಿದ್ರೆ ಮನೆಗೆ ಕರ್ಕೊಂಡು ಬರ್ತಿದ್ದೆ,” ಎಂದರು. ಒಳಗೆ ಹೋಗಿ ಬೈಕಿನ ಕೀ ತಂದರು. ನ್ಯೂ ಟೌನ್‌ಗೆ, ನಿಮ್ಮನ್ನು ಕರೆತರಲು.

“ನಾನೂ ಬರ್ತೀನಿ,” ಎಂದೆ.

“ನೀವು ಬೇಡ.”